ಮಾನವ ಕಳ್ಳಸಾಗಣೆ ತಡೆ: ರಾಜ್ಯದ ಕೈಯಲ್ಲಿರುವ ಕಾನೂನು

ಕಾರವಾರದಿಂದ ಉತ್ತರಕ್ಕೆ ಹೊರಟರೆ ಮಾಜಾಳಿ, ಅದರಾಚೆ ಗೋವಾ. ನಮ್ಮ ಜಿಲ್ಲೆಯ ಠಾಣೆಗಳ ಸರಹದ್ದು ಅಲ್ಲಿಗೆ ಮುಗಿಯುತ್ತದೆ. ಕೆಲಸದ ಆಸೆ ತೋರಿಸಿ ಹುಡುಗಿಯರನ್ನು ಕರೆದೊಯ್ಯುವ ದಲ್ಲಾಳಿಗೆ ಆ ಗೆರೆ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಈ ಪಾಠವನ್ನು ಓದುವಾಗ ಶಿಕ್ಷೆಯ ವರ್ಷಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಕೇಂದ್ರದ ಕಾನೂನು ಎಲ್ಲೆಲ್ಲಿ ರಾಜ್ಯ ಸರ್ಕಾರದ ಆದೇಶಕ್ಕಾಗಿ ಕಾದು ನಿಂತಿದೆ ಎಂದು ಗುರುತಿಸುವುದು ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ.

ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. ಮಾನವ ಕಳ್ಳಸಾಗಣೆಯ ಬಗೆಗಿನ, ಹಳೆಯ ಭಾರತೀಯ ದಂಡಸಂಹಿತೆಯ 370ನೇ ಕಲಂ 2013ರ ತಿದ್ದುಪಡಿಯಿಂದ ಪಡೆದ ವಿಸ್ತೃತ ರೂಪವೇ ಹೆಚ್ಚುಕಡಿಮೆ ಹಾಗೆಯೇ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಾಗಿ ಜಾರಿಯಲ್ಲಿದೆ. ಇದನ್ನು ಕೃತ್ಯ, ವಿಧಾನ, ಉದ್ದೇಶ ಎಂದು ಮೂರಾಗಿ ಬಿಡಿಸಿ ಓದಬೇಕು. ಒಂದು ಕಲ್ಪಿತ ಉದಾಹರಣೆ ನೋಡೋಣ. ಶಿರಸಿ ಕಡೆಯ 19 ವರ್ಷದ ಹುಡುಗಿಗೆ ಗೋವಾದಲ್ಲಿ ಮನೆಗೆಲಸ ಕೊಡಿಸುತ್ತೇನೆಂದು ಪರಿಚಯದ ಹೆಂಗಸೊಬ್ಬಳು ನಂಬಿಸುತ್ತಾಳೆ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದು ಅಲ್ಲಿ ರೈಲು ಹತ್ತಿಸುತ್ತಾಳೆ, ಮಡಗಾಂವ್‌ನಲ್ಲಿ ಬೇರೊಬ್ಬನ ವಶಕ್ಕೆ ಒಪ್ಪಿಸುತ್ತಾಳೆ. ಕರೆದೊಯ್ದು ಒಪ್ಪಿಸಿದ್ದು ಕೃತ್ಯ, ಸುಳ್ಳು ಹೇಳಿದ್ದು ವಿಧಾನ, ಲೈಂಗಿಕ ಶೋಷಣೆ ಉದ್ದೇಶ. ಹುಡುಗಿ ತಾನಾಗಿಯೇ ಹೊರಟಳು ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಸಂತ್ರಸ್ತೆಯ ಒಪ್ಪಿಗೆ ಇಲ್ಲಿ ಗಣನೆಗೆ ಬರುವುದಿಲ್ಲವೆಂದು ಕಲಮೇ ಹೇಳುತ್ತದೆ. ಕುಮಟಾ ನಿಲ್ದಾಣದಲ್ಲೇ ಆ ಹೆಂಗಸು ಸಿಕ್ಕಿಬಿದ್ದರೂ ಅಪರಾಧ ಆಗಿಹೋಗಿರುತ್ತದೆ. ಆದರೆ ಉದ್ದೇಶವನ್ನು ಸಾಬೀತುಪಡಿಸುವುದು ಆ ಹಂತದಲ್ಲಿ ನಿಜಕ್ಕೂ ಕಷ್ಟ.

ಇಲ್ಲಿ ಒಂದು ಕೊರತೆಯಿದೆ. ಭಾರತ 2011ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಪಲೆರ್ಮೊ ಒಡಂಬಡಿಕೆಯ ಪ್ರಕಾರ, ಸಂತ್ರಸ್ತರು 18 ವರ್ಷದೊಳಗಿನವರಾದರೆ ವಿಧಾನವನ್ನು ತೋರಿಸಬೇಕಾಗಿಲ್ಲ. 143ನೇ ಕಲಂ ಮಕ್ಕಳ ಪ್ರಕರಣಕ್ಕೆ ಶಿಕ್ಷೆಯನ್ನು ಹತ್ತು ವರ್ಷದಿಂದ ಜೀವಾವಧಿಯವರೆಗೆ ಏರಿಸಿದೆಯಾದರೂ ಈ ವಿನಾಯಿತಿಯನ್ನು ಮಾತುಗಳಲ್ಲಿ ಬರೆದಿಲ್ಲ. ಹೀಗಾಗಿ ಅದನ್ನು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 5ನೇ ಕಲಮಿನ ಜೊತೆಗಿಟ್ಟು ಓದಬೇಕು. ಅಲ್ಲಿ ಒಪ್ಪಿಗೆ ಇರಲಿ ಬಿಡಲಿ, ವೇಶ್ಯಾವಾಟಿಕೆಗಾಗಿ ಒಬ್ಬರನ್ನು ಒದಗಿಸುವುದೇ ಅಪರಾಧ.

ಇನ್ನು ರಾಜ್ಯದ ಅಧಿಕಾರ. ಪೊಲೀಸ್ ವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿದೆ, ದಂಡ ಕಾನೂನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ ಕಾನೂನಿಗೆ ವ್ಯತಿರಿಕ್ತವಾದ ತಿದ್ದುಪಡಿಯನ್ನು ರಾಜ್ಯ ಮಾಡಿದರೆ, 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ದೊರೆತಾಗ ಮಾತ್ರ ಅದು ಆ ರಾಜ್ಯದಲ್ಲಿ ಊರ್ಜಿತ. ಸ್ವಂತ ಕಾನೂನು ಮಾಡಿದ ನಿದರ್ಶನಗಳೂ ಇವೆ: ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಒಂದು, ಪಕ್ಕದ ಗೋವಾದ 2003ರ ಮಕ್ಕಳ ಕಾಯ್ದೆ ಇನ್ನೊಂದು. ಗೋವಾದ ಕಾಯ್ದೆ, ಕುಟುಂಬದವರೋ ಸಂಬಂಧಿಕರೋ ಜೊತೆಗಿಲ್ಲದ ಮಗುವನ್ನು ಕೋಣೆಗೆ ಬಿಡಬಾರದೆಂಬ ಹೊಣೆಯನ್ನು ಹೋಟೆಲಿನವರ ಮೇಲೆಯೇ ಹೊರಿಸಿದೆ. ಗೋಕರ್ಣ, ಮುರುಡೇಶ್ವರಗಳಲ್ಲಿ ವಸತಿಗೃಹಗಳೂ ಹೋಂಸ್ಟೇಗಳೂ ಇಷ್ಟು ಬೆಳೆದಿರುವಾಗ ಅಂಥದೇ ಸ್ಪಷ್ಟ ಹೊಣೆ ನಮ್ಮ ಕರಾವಳಿಗೂ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಹೊಸ ಕಾನೂನಿಲ್ಲದೆಯೂ ರಾಜ್ಯ ಮಾಡಬಹುದಾದದ್ದು ಬಹಳ. 1956ರ ಕಾಯ್ದೆಯಡಿ ವಿಶೇಷ ಪೊಲೀಸ್ ಅಧಿಕಾರಿಯನ್ನು ನೇಮಿಸುವುದು (13ನೇ ಕಲಂ), ರಕ್ಷಣಾ ಗೃಹ ತೆರೆಯುವುದು (21), ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ವಿಶೇಷ ನ್ಯಾಯಾಲಯ ಸ್ಥಾಪಿಸುವುದು (22ಎ), ಇವೆಲ್ಲ ರಾಜ್ಯದ ಕೆಲಸ. ನೇಮಕದ ಮಹತ್ವವನ್ನು ಪರೀಕ್ಷೆಯ ದೃಷ್ಟಿಯಿಂದಲೂ ನೆನಪಿಡಬೇಕು: ದೆಹಲಿ ಆಡಳಿತ ವಿರುದ್ಧ ರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಕಾಯ್ದೆಯ ಅಪರಾಧಗಳ ತನಿಖೆ ವಿಶೇಷ ಅಧಿಕಾರಿಗೇ ಸೇರಿದ್ದೆಂದು ತೀರ್ಪಿತ್ತಿತು. ವಾರಂಟ್ ಇಲ್ಲದೆ ಶೋಧಿಸುವಾಗ ಸಾಕ್ಷಿಗಳಾಗಿ ನಿಲ್ಲುವ ಪಂಚರಲ್ಲಿ ಒಬ್ಬರಾದರೂ ಹೆಂಗಸಿರಬೇಕು, ಅಧಿಕಾರಿಯ ಜೊತೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರಿರಬೇಕು ಎನ್ನುತ್ತದೆ 15ನೇ ಕಲಂ. ಅಪರಾಧ ನಡೆದೂ ಪ್ರಕರಣ ಬಿದ್ದುಹೋಗುವ ಅಪಾಯ ಇಂಥ ಲೋಪಗಳಲ್ಲಿದೆ.

ಕಾಯ್ದೆಯ ಭಾರ ಹೆಣ್ಣಿನ ಮೇಲೆ ಬೀಳುವ ಕಡೆಯನ್ನು ಓದುವಾಗ ನೋವಾಗುತ್ತದೆ. ವೇಶ್ಯಾವಾಟಿಕೆಗಾಗಿ ಸಾರ್ವಜನಿಕವಾಗಿ ಆಹ್ವಾನಿಸಿದ ಹೆಂಗಸಿಗೆ ಮೊದಲ ಬಾರಿಗೇ ಆರು ತಿಂಗಳವರೆಗೆ ಸೆರೆ, ಅದೇ ಅಪರಾಧ ಮಾಡಿದ ಗಂಡಸಿಗೆ ಹೆಚ್ಚೆಂದರೆ ಮೂರು ತಿಂಗಳು. ರಾಜ್ಯದ ತಿದ್ದುಪಡಿ ಮೊದಲು ಮುಟ್ಟಬೇಕಾದದ್ದು ಈ 8ನೇ ಕಲಮನ್ನು. ದಾಳಿಯ ವೇಳೆ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು, ರಕ್ಷಣಾ ಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರಿಸಲಾದ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಬೇಕು ಎಂದು 2022ರ ಮೇ ತಿಂಗಳಲ್ಲಿ ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿರ್ದೇಶಿಸಿದೆ.

ಮತ್ತೆ ಶಿರಸಿಯ ಹುಡುಗಿಗೆ ಬರೋಣ. ಘಟನೆ ಗೋವಾದ್ದೆಂದು ಹೇಳಿ ದೂರನ್ನು ತಳ್ಳಿಹಾಕುವಂತಿಲ್ಲ. ಅಪರಾಧ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಆಕೆಯ ತಂದೆ ಶಿರಸಿಯ ಠಾಣೆಯಲ್ಲೇ ಶೂನ್ಯ ಎಫ್‌ಐಆರ್, ಅಂದರೆ ಸರಹದ್ದಿನ ಲೆಕ್ಕವಿಲ್ಲದೆ ಯಾವ ಠಾಣೆಯಲ್ಲಾದರೂ ಕೊಡಬಹುದಾದ ದೂರನ್ನು, ದಾಖಲಿಸಬಹುದು. ಅದೇ ಸಂಹಿತೆಯ 396ನೇ ಕಲಮಿನ ಸಂತ್ರಸ್ತರ ಪರಿಹಾರ ಯೋಜನೆಯನ್ನು ರೂಪಿಸಬೇಕಾದದ್ದೂ ರಾಜ್ಯವೇ. ದಲ್ಲಾಳಿ ಪತ್ತೆಯಾಗದಿದ್ದರೂ ಸಂತ್ರಸ್ತೆಯ ಗುರುತು ತಿಳಿದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಿ ಪರಿಹಾರವನ್ನು ನಿರ್ಧರಿಸಬೇಕು.