ಕಂಗಿನ ತುದಿಗೆ ಹಾರಲು ಎಷ್ಟು ಎಚ್‌ಪಿ ಬೇಕು?

ಮಳೆಗಾಲ ಹತ್ತಿರ ಬಂತೆಂದರೆ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ವಾಟ್ಸಾಪಿನಲ್ಲಿ ಎರಡು ವಿಷಯ ಖಾಯಂ. ಒಂದು, ಮದ್ದು ಬಿಡುವವರ ಫೋನ್ ನಂಬರು ಯಾರ ಹತ್ತಿರ ಇದೆ ಎಂಬ ಹುಡುಕಾಟ. ಇನ್ನೊಂದು, ದೊಡ್ಡ ಡ್ರೋನಿನಂಥ ಯಂತ್ರದಲ್ಲಿ ಒಬ್ಬ ಕೂತು ಸುಯ್ಯೆಂದು ಮೇಲೇಳುವ ವಿಡಿಯೊ. ‘ಇದರಲ್ಲಿ ಕೂತು ಮದ್ದು ಬಿಡಬಹುದಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಂಗು, ಅಂದರೆ ಅಡಿಕೆ ಮರ, ಹತ್ತುವವರು ಸಿಗುವುದಿಲ್ಲ. ಸಿಕ್ಕಿದರೂ ಮಹಾಳಿ, ಅಂದರೆ ಕೊಳೆರೋಗ, ಬರುವ ಮೊದಲು ಸಿಗುವುದಿಲ್ಲ. ಆದರೆ ಡ್ರೋನ್, ಹಾರುವ ಟ್ಯಾಕ್ಸಿ, ಬೆನ್ನಿಗೆ ಕಟ್ಟುವ ಜೆಟ್, ಒಂಟಿ ಸೀಟಿನ ಹೆಲಿಕಾಪ್ಟರ್ ಎಲ್ಲವೂ ಈ ಮಾತಿನಲ್ಲಿ ಕಲಸಿಹೋಗಿವೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಶುರು ಮಾಡಬೇಕು.

1907ರಲ್ಲಿ ಫ್ರಾನ್ಸಿನ ಪಾಲ್ ಕಾರ್ನು 24 ಎಚ್‌ಪಿ (ಅಶ್ವಶಕ್ತಿ) ಎಂಜಿನ್ ಕಟ್ಟಿಕೊಂಡು ಕೆಲವು ಕ್ಷಣ ನೆಲ ಬಿಟ್ಟ; 1939ರಲ್ಲಿ ಅಮೆರಿಕದ ಎಂಜಿನಿಯರ್ ಸಿಕೋರ್‌ಸ್ಕಿಯ ವಿಎಸ್-300 ಮೇಲೆದ್ದ ಮೇಲೆ ಹೆಲಿಕಾಪ್ಟರ್ ಎನ್ನುವುದು ಗಟ್ಟಿಯಾಯಿತು. ಒಬ್ಬನೇ ನಿಂತು ಹಾರುವ ಯಂತ್ರದ ಹುಚ್ಚು ಹಿಡಿದದ್ದು 1950ರ ದಶಕದಲ್ಲಿ, ಅಮೆರಿಕದ ಸೇನೆಗೆ. ಹಿಲ್ಲರ್ ಕಂಪನಿ 1955ರಲ್ಲಿ ಹಾರಿಸಿದ ಹಲಗೆಯಲ್ಲಿ 40 ಎಚ್‌ಪಿಯ ಎರಡು ಎಂಜಿನ್‌ಗಳಿದ್ದವು. ಮೇಲೆ ನಿಂತವನು ಯಾವ ಕಡೆ ವಾಲುತ್ತಾನೋ ಆ ಕಡೆಗೆ ಅದು ಹೋಗುತ್ತಿತ್ತು. ಭಾರಿ ಸಲೀಸು, ಆದರೆ ನಿಧಾನ. ಅದೇ ಕಾಲದ ಏರೋಸೈಕಲ್ ಎಂಬ ಇನ್ನೊಂದರಲ್ಲಿ ಒಂದರ ಮೇಲೊಂದು ತಿರುಗುವ ರೆಕ್ಕೆಗಳು ಪರಸ್ಪರ ತಾಗಿ ಯಂತ್ರ ಬಿತ್ತು. ಎರಡೂ ಯೋಜನೆಗಳು ಅಲ್ಲಿಗೇ ನಿಂತವು. 1961ರಲ್ಲಿ ಬೆಲ್ ಕಂಪನಿಯ ರಾಕೆಟ್ ಬೆಲ್ಟ್ ಬಂತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜಗತ್ತೆಲ್ಲ ಬಾಯಿ ಬಿಟ್ಟು ನೋಡಿದ್ದು ಅದೇ ಬಗೆಯ ಬೆಲ್ಟನ್ನು. ಅದರ ಇಂಧನ 20 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

ಆಮೇಲೆ ಬ್ಯಾಟರಿ ಬಂತು. 2011ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ 16 ಮೋಟರಿನ ಯಂತ್ರವೊಂದು ಮನುಷ್ಯನನ್ನು ಕೂರಿಸಿಕೊಂಡು ಒಂದೂವರೆ ನಿಮಿಷ ಹಾರಿತು. ಇಳಿಯುವಾಗ ಪೆಟ್ಟಾಗದಂತೆ ಅಡಿಯಲ್ಲಿ ವ್ಯಾಯಾಮದ ದೊಡ್ಡ ರಬ್ಬರ್ ಚೆಂಡು ಕಟ್ಟಿದ್ದರು! ಈಗ ನಾವು ನೋಡುವ ವಿಡಿಯೊಗಳೆಲ್ಲ ಹೆಚ್ಚು ಕಡಿಮೆ ಅದರ ಸಂತಾನ. ಎಲೆಕ್ಟ್ರಿಕ್ ಮೋಟರ್ ಹಗುರ, ಗೇರ್ ಬಾಕ್ಸ್ ಬೇಡ, ಸಮತೋಲ ಕಾಯಲು ಕಂಪ್ಯೂಟರ್ ಇದೆ. 1955ರಲ್ಲಿ ಇಲ್ಲದ್ದು ಇದೆಲ್ಲ. ಆದರೆ ಅವತ್ತು ಇದ್ದ ಲೆಕ್ಕ ಮಾತ್ರ ಇವತ್ತೂ ಹಾಗೇ ಇದೆ.

ಆ ಲೆಕ್ಕ ಹೀಗೆ. ಗಾಳಿಯಲ್ಲಿ ಒಂದೇ ಕಡೆ ನಿಲ್ಲಬೇಕಾದರೆ ಗಾಳಿಯನ್ನು ಕೆಳಕ್ಕೆ ದೂಡುತ್ತಲೇ ಇರಬೇಕು. ದೊಡ್ಡ ರೆಕ್ಕೆ ಜಾಸ್ತಿ ಗಾಳಿಯನ್ನು ಮೆಲ್ಲಗೆ ದೂಡುತ್ತದೆ. ಸಣ್ಣ ರೆಕ್ಕೆ ಸ್ವಲ್ಪ ಗಾಳಿಯನ್ನು ಜೋರಾಗಿ ದೂಡಬೇಕು. ಶಕ್ತಿ ತಿನ್ನುವುದು ಈ ಜೋರು. ರೆಕ್ಕೆಗಳು ಸುತ್ತುವ ಜಾಗ ನಾಲ್ಕು ಪಟ್ಟು ದೊಡ್ಡದಾದರೆ ಅರ್ಧ ಶಕ್ತಿ ಸಾಕು. ಭಾರ ನಾಲ್ಕು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು.

ಒಂದು ಉದಾಹರಣೆ ಹಾಕಿ ನೋಡೋಣ. ಮನುಷ್ಯ, ಯಂತ್ರ, ಬ್ಯಾಟರಿ ಸೇರಿ 250 ಕಿಲೋ. ಒಂದೂವರೆ ಮೀಟರ್ ಅಗಲದ ನಾಲ್ಕು ಫ್ಯಾನು. ಪುಸ್ತಕದ ಲೆಕ್ಕಕ್ಕೆ 29 ಕಿಲೋವ್ಯಾಟ್ ಸಾಕು. ಫ್ಯಾನು, ಮೋಟರುಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ 45 ಕಿಲೋವ್ಯಾಟ್, ಅಂದರೆ 60 ಎಚ್‌ಪಿ ಬೇಕು. ತೋಟಕ್ಕೆ ನೀರು ಬಿಡುವ 5 ಎಚ್‌ಪಿಯ ಹನ್ನೆರಡು ಪಂಪುಗಳನ್ನು ಒಟ್ಟಿಗೆ ಓಡಿಸಿದ ಹಾಗೆ. ಅದೂ ಸುಮ್ನೆ ನಿಂತಿರುವುದಕ್ಕೆ.

ಹತ್ತು ನಿಮಿಷ ನಿಂತರೆ ಏಳೂವರೆ ಯೂನಿಟ್. ಕರೆಂಟ್ ಬಿಲ್ಲಿಗೆ ಹೆದರಬೇಕಾಗಿಲ್ಲ, ಹೆದರಬೇಕಾದ್ದು ತೂಕಕ್ಕೆ. ಲಿಥಿಯಂ ಬ್ಯಾಟರಿಯ ಪೆಟ್ಟಿಗೆ ಕಿಲೋಗೆ 160 ವ್ಯಾಟ್ ಅವರ್ ಕೊಡುತ್ತದೆಂದು ಹಿಡಿದರೂ ಅದಕ್ಕೆ 47 ಕಿಲೋ ಬ್ಯಾಟರಿ ಬೇಕು. ಇಪ್ಪತ್ತು ನಿಮಿಷ ಬೇಕೆಂದರೆ ಬ್ಯಾಟರಿ ಎರಡು ಪಟ್ಟು, ಆ ತೂಕ ಹೊರಲು ಇನ್ನಷ್ಟು ಶಕ್ತಿ, ಅದಕ್ಕೆ ಇನ್ನಷ್ಟು ಬ್ಯಾಟರಿ. ಪೆಟ್ರೋಲಿನಲ್ಲಿ ಕಿಲೋಗೆ ಸುಮಾರು 12,000 ವ್ಯಾಟ್ ಅವರ್ ಇದೆ. ಎಂಜಿನ್ ಅದರಲ್ಲಿ ಕಾಲು ಭಾಗ ಮಾತ್ರ ಉಪಯೋಗಿಸಿದರೂ ಬ್ಯಾಟರಿ ಹತ್ತಿರಕ್ಕೂ ಬರುವುದಿಲ್ಲ.

ರೆಕ್ಕೆ ದೊಡ್ಡದು ಮಾಡಿದರೆ ಆಯ್ತಲ್ಲ? ಆಗುತ್ತದೆ. 2013ರಲ್ಲಿ ಕೆನಡಾದ ತಂಡವೊಂದು ಸೈಕಲ್ ತುಳಿದೇ ಹೆಲಿಕಾಪ್ಟರನ್ನು 3.3 ಮೀಟರ್ ಎತ್ತರಕ್ಕೆ ಏರಿಸಿ 64 ಸೆಕೆಂಡು ನಿಲ್ಲಿಸಿತು. 1980ರಿಂದ ಯಾರಿಗೂ ದಕ್ಕದಿದ್ದ ಸಿಕೋರ್‌ಸ್ಕಿ ಬಹುಮಾನ ಅವರಿಗೆ ಹೋಯಿತು. ಮನುಷ್ಯನ ಕಾಲಿನ ಶಕ್ತಿ ಒಂದು ಎಚ್‌ಪಿ ಆಸುಪಾಸು ಅಷ್ಟೆ. ಆದರೆ ಅದರ ನಾಲ್ಕು ರೆಕ್ಕೆಗಳು ತಲಾ 20 ಮೀಟರ್ ಅಗಲ ಇದ್ದವು.

ನಮ್ಮ ತೋಟದಲ್ಲಿ ಒಂದು ಕಂಗಿಗೂ ಇನ್ನೊಂದಕ್ಕೂ ಇರುವ ಅಂತರ 2.7 ಮೀಟರ್, ಒಂಬತ್ತು ಅಡಿ. ಶಿಫಾರಸು ಆಗಿರುವುದೇ ಅಷ್ಟು. ಮೇಲೆ ಸೋಗೆಗೆ ಸೋಗೆ ತಾಗಿರುತ್ತದೆ. ಮೇಲಿನ ಉದಾಹರಣೆಯ ಯಂತ್ರದಲ್ಲಿ ಎರಡು ಫ್ಯಾನು ಪಕ್ಕಪಕ್ಕ ಇಟ್ಟರೇ ಮೂರು ಮೀಟರ್ ದಾಟುತ್ತದೆ. ಹಾಗಾಗಿ ಅದು ಮರಗಳ ನಡುವೆ ಇಳಿಯಲಾರದು, ಸೋಗೆಯ ಮೇಲೆಯೇ ನಿಲ್ಲಬೇಕು. ಗೊನೆ ಇರುವುದು ಸೋಗೆಯ ಕೆಳಗೆ. ಮೈಲುತುತ್ತು, ಸುಣ್ಣದ ಮದ್ದು ಬೀಳಬೇಕಾದ್ದೂ ಗೊನೆಗೆ. ಸಾಲದ್ದಕ್ಕೆ ಅಡಿಯಲ್ಲಿ ಗಂಟೆಗೆ 85 ಕಿಲೋಮೀಟರ್‌ವರೆಗಿನ ಗಾಳಿ ಬೀಸುತ್ತದೆ. ಮೇ ತಿಂಗಳ ಬಿರುಗಾಳಿಗೆ ಎಳೆ ಅಡಿಕೆ ಉದುರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಪಾಯದ ವಿಷಯ ಇದಕ್ಕಿಂತ ದೊಡ್ಡದು. ಹೆಲಿಕಾಪ್ಟರಿನ ಎಂಜಿನ್ ನಿಂತರೆ ಅದು ಕಲ್ಲಿನಂತೆ ಬೀಳುವುದಿಲ್ಲ. ಇಳಿಯುವಾಗಿನ ಗಾಳಿಗೆ ರೆಕ್ಕೆ ತಿರುಗುತ್ತಲೇ ಇದ್ದು ಮೆಲ್ಲಗೆ ಇಳಿಸುತ್ತದೆ. ಅದಕ್ಕೆ ಎತ್ತರ ಬೇಕು, ಇಲ್ಲವೇ ಮುಂದಕ್ಕೆ ವೇಗ ಬೇಕು. ಸಣ್ಣ ಫ್ಯಾನುಗಳ ಯಂತ್ರಕ್ಕೆ ಆ ಅನುಕೂಲವೇ ಇಲ್ಲ. ಒಂದು ಮೋಟರ್ ಕೆಟ್ಟರೆ ಉಳಿದವು ತೂಗಿಸುವಂತೆ ಮಾಡಬಹುದು, ಆದರೆ ಬ್ಯಾಟರಿಗೆ ಅಥವಾ ನಡೆಸುವ ಕಂಪ್ಯೂಟರಿಗೇ ಏನಾದರೂ ಆದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಪ್ಯಾರಾಚೂಟ್ ಇದೆಯಲ್ಲ ಎನ್ನುತ್ತಾರೆ. 15 ಮೀಟರಿನಿಂದ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ, ಮುಟ್ಟುವಾಗ ವೇಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ. ಅಷ್ಟರಲ್ಲಿ ಬಟ್ಟೆ ಬಿಚ್ಚಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಎರಡು ಮೀಟರ್ ಆದರೆ ಕಾಲು ಮುರಿದೀತು; ನೂರಾರು ಮೀಟರ್ ಆದರೆ ಪ್ಯಾರಾಚೂಟ್ ಉಳಿಸೀತು. ಕಂಗಿನ ಎತ್ತರ ಇವೆರಡರ ನಡುವೆ ಸಿಕ್ಕಿಬಿದ್ದಿದೆ.

ಹೊರದೇಶದ ಕಂಪನಿಗಳಿಗೂ ಈ ದಾರಿ ಸುಗಮವಾಗಿಲ್ಲ. 2011ರ ಆ ಹಾರಾಟದಿಂದ ಹುಟ್ಟಿದ ವೊಲೊಕಾಪ್ಟರ್ 2024ರ ಕೊನೆಗೆ ದಿವಾಳಿ ಅರ್ಜಿ ಹಾಕಿತು. ಆದರೆ ಚೀನಾದ ಇಹಾಂಗ್‌ಗೆ ಪೈಲಟ್ ಇಲ್ಲದ ಎರಡು ಸೀಟಿನ ಯಂತ್ರಕ್ಕೆ 2023ರಲ್ಲಿ ಅಲ್ಲಿನ ಸರಕಾರದ ಸರ್ಟಿಫಿಕೇಟ್ ಸಿಕ್ಕಿತು. ನಮ್ಮಲ್ಲಿ 2021ರ ಡ್ರೋನ್ ನಿಯಮಗಳು ಪೈಲಟ್ ಕೂರದ ಯಂತ್ರಕ್ಕೆ ಮಾತ್ರ. ಒಳಗೆ ಕೂತು ನಡೆಸಿದರೆ ಅದು ವಿಮಾನದ ಕಾನೂನಿಗೆ ಸೇರುತ್ತದೆ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಬೇಕು. ಮನೆ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿ ಹಾರುವ ಉಮೇದು ಇರುವ ಹುಡುಗರು ಇದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯದು.

ಇಷ್ಟಕ್ಕೂ ಮೇಲಿನಿಂದ ಮದ್ದು ಬಿಡುವುದು ನಮ್ಮ ಜಿಲ್ಲೆಗೆ ಹೊಸತೇನಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಗಾಳಿಗೆ ಬಿಟ್ಟ ಮದ್ದು ಬೇಲಿ ನೋಡಿ ನಿಲ್ಲಲಿಲ್ಲ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಸೇರಿ 11 ಪಂಚಾಯಿತಿಗಳು ಪೀಡಿತ ಪಟ್ಟಿಗೆ ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. ಈಗ ಮದ್ದು ಬೇರೆ, ಯಂತ್ರವೂ ಬೇರೆ, ನಿಜ. ಆದರೂ ತಲೆ ಮೇಲೆ ರೆಕ್ಕೆ ಸದ್ದು ಕೇಳಿದರೆ ಎಣ್ಮಕಜೆಯ ಹಿರಿಯರು ಬಾವಿಗೆ ಮುಚ್ಚಳ ಹುಡುಕಿದರೆ ಅದನ್ನು ಹಳಬರ ಹೆದರಿಕೆ ಎಂದು ತಳ್ಳಿಹಾಕಬಾರದು.

ಇಷ್ಟೆಲ್ಲದರ ನಡುವೆ ಕಡಿಮೆ ಸುದ್ದಿಯಾದದ್ದು ಮರವನ್ನೇ ಹಿಡಿದು ಹತ್ತುವ ಯಂತ್ರಗಳು. ಕಣ್ಣೂರಿನ ಚೆಂಬೇರಿ ಮಾದರಿಯ ತೆಂಗು ಹತ್ತುವ ಸಾಧನ ಬಹಳ ಹಿಂದೆಯೇ ಬಂದಿದೆ. 2019ರಲ್ಲಿ ಬಂಟ್ವಾಳ ಕಡೆಯ ಕೃಷಿಕರೊಬ್ಬರು ಕಂಗು ಹತ್ತುವ ಪೆಟ್ರೋಲ್ ‘ಬೈಕ್’ ಮಾಡಿ ತೋರಿಸಿದರು. ಸೀಟು, ಸವಾರ ಎಲ್ಲ ಸೇರಿ 110 ಕಿಲೋವನ್ನು ಅರ್ಧ ನಿಮಿಷದಲ್ಲಿ 15 ಮೀಟರ್ ಏರಿಸಲು ಲೆಕ್ಕಕ್ಕೆ ಒಂದು ಎಚ್‌ಪಿಯೂ ಬೇಡ, ಘರ್ಷಣೆ ಸೇರಿಸಿದರೆ ಎರಡು ಇರಲಿ. ಮೇಲೆ ಹೋಗಿ ನಿಂತ ಮೇಲೆ ಸೊನ್ನೆ, ಏಕೆಂದರೆ ಭಾರ ಹೊರುವುದು ಮರ. ಆದರೆ ಮಳೆಗೆ ಪಾಚಿ ಕಟ್ಟಿದ ಮರದಲ್ಲಿ ಜಾರದಂತೆ ಹಿಡಿಯುವುದು, ಮರದಿಂದ ಮರಕ್ಕೆ ಬಿಚ್ಚಿ ಕಟ್ಟುವ ಸಮಯ ಉಳಿಸುವುದು ಇನ್ನೂ ಸುಧಾರಿಸಬೇಕಾದ ಕೆಲಸ. ಹಾರುವ ಟ್ಯಾಕ್ಸಿಗೆ ಸುರಿಯುವ ಹಣದಲ್ಲಿ ಚಿಟಿಕೆಯಷ್ಟು ಇಲ್ಲಿಗೆ ಬಂದರೂ ಆಗುತ್ತಿತ್ತೇನೋ.

ಸದ್ಯಕ್ಕೆ ತೋಟಗಳಲ್ಲಿ ಕೆಲಸ ನಡೆಸುತ್ತಿರುವುದು ಕಾರ್ಬನ್ ಫೈಬರಿನ ಉದ್ದ ಕೋಲು, ಅಂದರೆ ದೋಟಿ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಕೊಯ್ಲೂ ಮಾಡಬಹುದು. ಸಂಜೆಗೆ ಕುತ್ತಿಗೆ, ಭುಜ ನೋಯುತ್ತದೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುವುದರಿಂದ, ಲೈನ್ ಹಾದುಹೋಗುವ ಸಾಲಿನಲ್ಲಿ ಅದನ್ನು ಎತ್ತುವಂತೆಯೇ ಇಲ್ಲ. ಆ ಮರಗಳಿಗೆ ಈಗಲೂ ಲೈನ್ ಆಫ್ ಮಾಡಿಸಿ, ಹತ್ತುವವರನ್ನೇ ಕಾಯಬೇಕು.