ಹಿಮದೂರಿಗೆ ಹೊರಟ ಕ್ಯಾರವಾನ್: ಪೈಪಿನಲ್ಲಿ ಉಳಿಯುವ ನೀರು

ಕಾರವಾರದಲ್ಲಿ ಕ್ಯಾರವಾನ್ ಕಟ್ಟುವವರ ಚಿಂತೆಯೆಲ್ಲ ತುಕ್ಕಿನದು. ಉಪ್ಪುಗಾಳಿಗೂ ಮಳೆಗಾಲಕ್ಕೂ ಹೆದರಿ ಕ್ಲಾಂಪು, ಸ್ಕ್ರೂಗಳಿಗೆ ಸ್ಟೇನ್‌ಲೆಸ್ ಸ್ಟೀಲನ್ನೇ ಹಾಕುತ್ತೇವೆ. ನೀರು ಹೆಪ್ಪುಗಟ್ಟೀತೆಂಬ ಯೋಚನೆ ನಮಗೆ ಬರುವುದೇ ಇಲ್ಲ. ಶಿರಸಿಯ ಜನವರಿ ಚಳಿಯೂ ಪೈಪಿಗೆ ಏನೂ ಮಾಡದು. ಆದರೆ ಈಚೆಗೆ ಟೆಂಪೊ ಟ್ರಾವೆಲರನ್ನು ಮನೆ ಮಾಡಿಕೊಂಡವರು ಚಳಿಗಾಲದಲ್ಲೇ ಹಿಮಾಚಲದ ಕಿನ್ನೌರ್ ದಾಟಿ ಸ್ಪಿತಿಗೆ ಹೊರಡುತ್ತಾರೆ. ಅಲ್ಲಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಹೇಗೆ ಸಿದ್ಧವಾಗಿದ್ದೀರಿ ಎಂದರೆ, "ಟ್ಯಾಂಕ್ ಖಾಲಿ ಮಾಡುತ್ತೇನೆ, ಇನ್ನೇನು?" ಎನ್ನುತ್ತಾರೆ.

ಕೆಲಸ ಕೆಡಿಸುವುದು ಟ್ಯಾಂಕಿನ ನೀರಲ್ಲ. ಹೆಪ್ಪುಗಟ್ಟಿದ ನೀರಿನ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ಜಾಗವಿದೆ. ಪಂಪಿನ ತಲೆ, ಫಿಲ್ಟರಿನ ಬಟ್ಟಲು, ನಲ್ಲಿಯ ಒಳಭಾಗ, ಇಲ್ಲೆಲ್ಲ ಜಾಗವಿಲ್ಲ. ಪಂಪಿನಲ್ಲಿ ಸ್ವಲ್ಪವೇ ನೀರು ಸಿಕ್ಕಿಕೊಂಡರೂ ಅದರ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಬೀಳಬಹುದು. ನೀರು ಗಟ್ಟಿಯಾಗಿರುವಷ್ಟು ದಿನ ಆ ಬಿರುಕು ಸೋರುವುದಿಲ್ಲ. ಬಯಲಿಗಿಳಿದು ಮಂಜು ಕರಗಿ, ಪಂಪು ಹಾಕಿದ ಮೇಲೆ ಹಾಸಿಗೆಯಡಿಯ ಪ್ಲೈವುಡ್ ನೆನೆದು ಉಬ್ಬಿರುವುದು ಕಾಣುತ್ತದೆ.

ಹಾಗಾಗಿ ಪೈಪು, ಪಂಪುಗಳನ್ನೂ ಖಾಲಿ ಮಾಡಬೇಕು. ಅದನ್ನು ಕಾರವಾರದಲ್ಲೇ ಮಾಡಿಸಬೇಕಿಲ್ಲ. ಚಂಡೀಗಢದವರೆಗೆ ನಲ್ಲಿಯ ನೀರನ್ನೇ ಬಳಸಿ, ಬೆಟ್ಟ ಹತ್ತುವ ಮೊದಲು ಖಾಲಿ ಮಾಡಿದರಾಯಿತು. ಗೀಸರ್ ಆರಿಸಿ, ತಣ್ಣಗಾದ ಮೇಲೆ ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಅನಂತರವೇ ಅದರ ತಳದ ಬಿರಡೆ ಬಿಚ್ಚಿ. ಫಿಲ್ಟರಿನ ಕಾರ್ಟ್ರಿಜ್ ಹೊರತೆಗೆಯಿರಿ. ಇನ್ನು ಪೈಪಿಗೆ ಗಾಳಿ ಬಿಡುವ ಕೆಲಸ. ಟೈರ್ ಅಂಗಡಿಯವನಿಗೆ 30ರಿಂದ 40 ಪಿಎಸ್‌ಐ ಒತ್ತಡ ಸಾಕೆಂದು ಮೊದಲೇ ಹೇಳಿ. ಲಾರಿ ಚಕ್ರಕ್ಕೆ ಬಿಡುವ ಗಾಳಿಯನ್ನೇ ಬಿಟ್ಟರೆ ಜಾಯಿಂಟುಗಳು ಕಿತ್ತುಬರುತ್ತವೆ. ಒಂದೊಂದೇ ನಲ್ಲಿ ತೆರೆಯುತ್ತ, ತುಂತುರು ನಿಂತು ಬರೀ ಗಾಳಿ ಬರುವವರೆಗೆ ಕಾಯಬೇಕು. ಹೊರಗಿನ ಶವರನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಗಾಳಿಯೊಂದನ್ನೇ ನಾನು ನಂಬುವುದಿಲ್ಲ. ಗೀಸರಿನೊಳಗೆ ಹೋಗದಂತೆ ಬೈಪಾಸ್ ಮಾಡಿ, ಪೈಪು ಹೆಪ್ಪುಗಟ್ಟಿ ಒಡೆಯದಿರಲೆಂದು ಕ್ಯಾರವಾನಿಗೆಂದೇ ಬರುವ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು ನೀರು ಬೆರೆಸದೆ ಪಂಪಿನಿಂದ ಎಳೆಸಿ, ಪ್ರತಿ ನಲ್ಲಿಯಲ್ಲೂ ಗುಲಾಬಿ ಬಣ್ಣ ಕಾಣಿಸಬೇಕು. ಸಿಂಕಿನ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ ಸುರಿಯಿರಿ. ರೇಡಿಯೇಟರಿನ ಕೂಲೆಂಟ್ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಖಂಡಿತ ಆಗದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ವಿಷ. ಕುಡಿಯುವ ನೀರಿನ ಪೈಪಿಗೆ ಅದು ತಾಗಲೂಬಾರದು.

ಬೆಟ್ಟದ ಮೇಲೆ ಇರುವಷ್ಟು ದಿನ ಕುಡಿಯುವ ನೀರನ್ನು ಕ್ಯಾನಿನಲ್ಲಿ, ಮಲಗುವ ಜಾಗದ ಪಕ್ಕದಲ್ಲೇ ಇಟ್ಟುಕೊಳ್ಳಿ. ಪೂರ್ತಿ ತುಂಬಿಸಬೇಡಿ.

ಮರಳಿ ಬಂದ ಮೇಲೆ ನೊರೆ, ಬಣ್ಣ ಹೋಗುವವರೆಗೆ ಪೈಪು ತೊಳೆದು, ಆಮೇಲೆ ಫಿಲ್ಟರ್ ಹಾಕಿ. ಗೀಸರಿನ ಬಿರಡೆ ಹಾಕಿ ಬೈಪಾಸ್ ತಿರುಗಿಸಿದ ಬಳಿಕ, ಬಿಸಿನೀರಿನ ನಲ್ಲಿಯಲ್ಲಿ ತಡೆಯಿಲ್ಲದೆ ಧಾರೆ ಬರುವವರೆಗೂ ಸ್ವಿಚ್ ಮುಟ್ಟಬೇಡಿ. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ.