ತುಂಗಾಗೆ 10 ವರ್ಷ, ಭದ್ರಾಗೆ 6

ಬೆಂಗಳೂರಿನ ಕಾಲೇಜೊಂದರಲ್ಲಿ ಸಾಪೇಕ್ಷತೆಯ ಪಾಠ ಮಾಡುವವನು ನಾನು. ವೇಗವಾಗಿ ಹೋಗಿ ಬಂದವರಿಗೆ ಮನೆಯಲ್ಲಿದ್ದವರಿಗಿಂತ ಕಡಿಮೆ ವಯಸ್ಸಾಗುತ್ತದೆ ಅನ್ನುವ ಪಾಠ ಶುರುವಾದರೆ ಎರಡು ಮಾತು ಬಂದೇ ಬರುತ್ತವೆ. ಮೊದಲನೆಯದು, 'ಇದು ನಮ್ಮ ಪುರಾಣದ ರೇವತಿಯ ಕಥೆ ಅಲ್ವಾ ಸಾರ್?' ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದ ಕಥೆ. ಚೆನ್ನಾಗಿದೆ, ಆದರೆ ಅದರಲ್ಲಿ ನಮಗೆ ಬೇಕಾದ ಲೆಕ್ಕ ಇಲ್ಲ. ಎರಡನೆಯದು ಗಟ್ಟಿ ಪ್ರಶ್ನೆ: 'ವೇಗವೇ ಸಾಪೇಕ್ಷ, ಅಂದರೆ ನೋಡುವವರ ಮೇಲೆ ನಿಂತಿದ್ದು ಅಂದಮೇಲೆ ಯಾರು ಓಡಿದ್ದು, ಯಾರು ನಿಂತಿದ್ದು ಅಂತ ಹೇಗೆ ಹೇಳ್ತೀರಿ?'

ತುಂಗಾ, ಭದ್ರಾ ಅವಳಿಗಳು ಅಂದುಕೊಳ್ಳಿ. ತುಂಗಾ ಬಸವನಗುಡಿಯ ಮನೆಯಲ್ಲೇ ಇರುತ್ತಾಳೆ. ಭದ್ರಾ ರಾಕೆಟ್ ಹತ್ತಿ, ಬೆಳಕಿನ ಶೇ 80ರಷ್ಟು ವೇಗದಲ್ಲಿ 4 ಜ್ಯೋತಿರ್ವರ್ಷ (ಬೆಳಕು 4 ವರ್ಷದಲ್ಲಿ ಸಾಗುವಷ್ಟು) ದೂರ ಹೋಗಿ, ಅದೇ ವೇಗದಲ್ಲಿ ವಾಪಸ್ ಬರುತ್ತಾಳೆ. ಅಷ್ಟರಲ್ಲಿ ತುಂಗಾಗೆ 10 ವರ್ಷ ಕಳೆದಿರುತ್ತದೆ, ಭದ್ರಾಗೆ 6. ಆದರೆ ಭದ್ರಾ ವಾದ ಹೂಡಬಹುದು: 'ನಾನು ಸುಮ್ನೆ ಕೂತಿದ್ದೆ, ಬಸವನಗುಡಿಯೇ ದೂರ ಓಡಿ ವಾಪಸ್ ಬಂತು. ಚಿಕ್ಕವಳಾಗಬೇಕಾದ್ದು ತುಂಗಾ!' ಇದೇ ಅವಳಿಗಳ ವಿರೋಧಾಭಾಸ. ಸುತ್ತಿ ವಾಪಸ್ ಬಂದ ಗಡಿಯಾರ ಹಿಂದೆ ಬೀಳುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದ್ದನ್ನು ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜೆವಿನ್ 1911ರಲ್ಲಿ ಮನುಷ್ಯರ ಪ್ರಯಾಣಕ್ಕೆ ಹೊಂದಿಸಿ ಹೇಳಿದರು.

ಇದನ್ನು ಬಿಡಿಸಲು ನನಗೆ ಇಷ್ಟವಾದ ದಾರಿ ಎಣಿಕೆ. ಇಬ್ಬರೂ ತಮ್ಮ ತಮ್ಮ ಗಡಿಯಾರ ನೋಡಿ ವರ್ಷಕ್ಕೊಂದು ರೇಡಿಯೊ ಸಂದೇಶ ಕಳಿಸಲಿ. ದೂರ ಹೋಗುತ್ತಿರುವಾಗ ಸಂದೇಶ ಬೆನ್ನಟ್ಟಿ ಬರಬೇಕು, ಹಾಗಾಗಿ 3 ವರ್ಷಕ್ಕೊಂದು ಸಿಗುತ್ತದೆ. ಹತ್ತಿರ ಬರುತ್ತಿರುವಾಗ ವರ್ಷಕ್ಕೆ 3. ಈ ನಿಯಮ ಇಬ್ಬರಿಗೂ ಒಂದೇ.

ಭದ್ರಾ ತನ್ನ ಗಡಿಯಾರದಲ್ಲಿ 3 ವರ್ಷ ದೂರ ಹೋದಳು. ಸಿಕ್ಕಿದ್ದು ಒಂದೇ ಸಂದೇಶ. ರಾಕೆಟ್ ತಿರುಗಿಸಿದ ಕೂಡಲೇ ಸುರಿಮಳೆ. ಉಳಿದ 3 ವರ್ಷದಲ್ಲಿ 9. ಒಟ್ಟು 10.

ಈಗ ತುಂಗಾ. ಅವಳ ಲೆಕ್ಕದಲ್ಲಿ ಭದ್ರಾ ತಿರುಗಿದ್ದು 5 ವರ್ಷ ಆದಾಗ. ಆದರೆ ಆ ಸುದ್ದಿ ಬಸವನಗುಡಿ ಮುಟ್ಟಲು ಇನ್ನೂ 4 ವರ್ಷ ಬೇಕು. ಅಲ್ಲಿಯವರೆಗೆ ಸಂದೇಶಗಳು ನಿಧಾನವಾಗಿಯೇ ಬರುತ್ತಿರುತ್ತವೆ. 9 ವರ್ಷದಲ್ಲಿ 3, ಕೊನೆಯ ಒಂದೇ ವರ್ಷದಲ್ಲಿ ಇನ್ನು 3. ಒಟ್ಟು 6. ಇಬ್ಬರ ಲೆಕ್ಕವೂ ತಾಳೆಯಾಯಿತು, ಎಲ್ಲೂ ಜಗಳವಿಲ್ಲ. ತಿರುಗಿದವಳಿಗೆ ಬದಲಾವಣೆ ತಕ್ಷಣ ಕಾಣುತ್ತದೆ, ಮನೆಯಲ್ಲಿದ್ದವಳಿಗೆ ತಡವಾಗಿ. ಭದ್ರಾಳ ವಾದ ಬೀಳುವುದು ಇಲ್ಲೇ.

ಹಾಗಾದರೆ ತಿರುಗುವಾಗಿನ ವೇಗೋತ್ಕರ್ಷವೇ (ವೇಗ ಅಥವಾ ದಿಕ್ಕು ಬದಲಾಗುವುದೇ) ಗಡಿಯಾರವನ್ನು ನಿಧಾನ ಮಾಡಿತಾ? ತುಂಬ ಜನ ಹೀಗೇ ವಿವರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ದೂರವನ್ನು 4ರಿಂದ 40 ಜ್ಯೋತಿರ್ವರ್ಷಕ್ಕೆ ಏರಿಸಿ. ತಿರುವು ಅದೇ, ಎಳೆತವೂ ಅದೇ. ಆದರೂ ವಯಸ್ಸಿನ ಅಂತರ 4 ವರ್ಷದಿಂದ 40ಕ್ಕೆ ಏರುತ್ತದೆ. 1970ರ ದಶಕದಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಮ್ಯೂಆನ್ ಎಂಬ ಅಲ್ಪಾಯುಷಿ ಕಣಗಳನ್ನು ಬೆಳಕಿನ ಶೇ 99.9ಕ್ಕೂ ಜಾಸ್ತಿ ವೇಗದಲ್ಲಿ ಉಂಗುರದೊಳಗೆ ಸುತ್ತಿಸಿದರು. ಸುಮಾರು 2.2 ಮೈಕ್ರೋಸೆಕೆಂಡ್ ಬಾಳುವ ಕಣಗಳು ಸುಮಾರು 29 ಪಟ್ಟು ಹೆಚ್ಚು ಬಾಳಿದವು. ಸುತ್ತುವಾಗಿನ ವೇಗೋತ್ಕರ್ಷ ಭಯಂಕರವಾಗಿತ್ತು. ಆದರೂ ವೇಗವೊಂದನ್ನೇ ಹಿಡಿದು ಮಾಡಿದ ಲೆಕ್ಕಕ್ಕೆ ಫಲಿತಾಂಶ ಹೊಂದಿತು.

ಹೆಣ್ಣುಮಕ್ಕಳಿಗೆ ಈ ಹೆಸರು ಇಟ್ಟಿದ್ದಕ್ಕೆ ಕಾರಣವಿದೆ. ತುಂಗೆ, ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ, ಸೇರುವುದು ಕೂಡಲಿಯಲ್ಲಿ. ನಡುವಿನ ಹಾದಿಯ ಉದ್ದ ಬೇರೆ ಬೇರೆ. ಅದನ್ನು ಕಂಡು ಯಾರೂ ಹೌಹಾರುವುದಿಲ್ಲ. ದೇಶಕಾಲದಲ್ಲಿ, ಅಂದರೆ ಜಾಗ ಮತ್ತು ಕಾಲ ಒಟ್ಟು ಸೇರಿದ್ದರಲ್ಲಿ, ನಾವು ಸಾಗಿದ ಹಾದಿಯ ಉದ್ದವನ್ನೇ ಕೈಗಡಿಯಾರ ಅಳೆಯುತ್ತದೆ. ತಿರುವು ಮಾಡುವುದು ಇಷ್ಟೇ, ಹಾದಿಯನ್ನು ಬೇರೆ ಮಾಡುತ್ತದೆ. ಒಂದು ವಿಚಿತ್ರ ಮಾತ್ರ ಇದೆ: ನೆಲದ ಮೇಲೆ ನೇರ ದಾರಿ ಎಲ್ಲಕ್ಕಿಂತ ಗಿಡ್ಡ, ದೇಶಕಾಲದಲ್ಲಿ ನೇರ ದಾರಿ ಹಿಡಿದವರ ಗಡಿಯಾರವೇ ಜಾಸ್ತಿ ಓಡುತ್ತದೆ.

ನಮ್ಮ ಐಐಎಸ್‌ಸಿಯಲ್ಲಿ ಓದಿದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸುಮಾರು 18 ದಿನ ಇದ್ದರು. ಅದು ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಅಲ್ಲಿ ಎತ್ತರದಿಂದಾಗಿ ಗಡಿಯಾರ ಚೂರು ಬೇಗ ಓಡುವುದನ್ನೂ ಲೆಕ್ಕಕ್ಕೆ ಹಿಡಿದರೆ, ದಿನಕ್ಕೆ ಸುಮಾರು 25 ಮೈಕ್ರೋಸೆಕೆಂಡ್ ಉಳಿತಾಯ. ನಮಗಿಂತ ಅವರಿಗೆ ಕಡಿಮೆಯಾದ ವಯಸ್ಸು ಅರ್ಧ ಮಿಲಿಸೆಕೆಂಡಿಗಿಂತಲೂ ಕಮ್ಮಿ.